ಗುತ್ತಿ ನಡೆದ ದಾರಿ, ನಾವು ಕೂತ ಕುರ್ಚಿ

ಕುವೆಂಪು ಅವರ ಕಾದಂಬರಿ ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ಕಥೆಯೆಲ್ಲ ನೆನಪಿರುವುದು ಕಷ್ಟ. ಅಷ್ಟೊಂದು ಮನೆಗಳು, ಅಷ್ಟೊಂದು ಹೆಸರುಗಳು. ಬೆಟ್ಟಳ್ಳಿಯವರು ಯಾರು, ಕೋಣೂರಿನವರು ಯಾರು, ಹೂವಳ್ಳಿಗೂ ಸಿಂಬಾವಿಗೂ ಏನು ಸಂಬಂಧ ಅಂತ ನೂರು ಪುಟ ದಾಟಿದ ಮೇಲೂ ಹಿಂದೆ ತಿರುಗಿಸಿ ನೋಡಬೇಕಾಗುತ್ತದೆ. ಆದರೆ ಆ ಪುಸ್ತಕದಲ್ಲಿ ಜನ ನಡೆಯುತ್ತಲೇ ಇರುತ್ತಾರೆ ಅನ್ನುವುದನ್ನು ಮಾತ್ರ ಯಾರೂ ಮರೆಯುವುದಿಲ್ಲ. ಸಿಂಬಾವಿ ಹೆಗ್ಗಡೆಯವರ ಜೀತದಾಳು ಗುತ್ತಿ, ಅವನ ನಾಯಿ ಹುಲಿಯ, ಇವರಿಬ್ಬರ ಪ್ರಯಾಣದಿಂದಲೇ ಕಾದಂಬರಿ ಶುರು. ಅಲ್ಲಿಂದ ಏಳುನೂರು ಪುಟ ಮೀರಿದ ದಾರಿಯಲ್ಲಿ ಗೌಡರು ನಡೆಯುತ್ತಾರೆ, ಸಾಬರು ನಡೆಯುತ್ತಾರೆ, ಘಟ್ಟದ ಕೆಳಗಿನಿಂದ ಕೂಲಿಯಾಳು ಕರೆತಂದ ಸೇರೆಗಾರ ನಡೆಯುತ್ತಾನೆ, ಮದುವೆ ಬೇಡವೆಂದ ಹುಡುಗಿ ಕತ್ತಲಲ್ಲಿ ನಡೆಯುತ್ತಾಳೆ.

ಹಾಗಾಗಿ ಈ ಕಥೆಗೆ ಕಾಲ್ನಡಿಗೆಯದೇ ವೇಗ. ಗುತ್ತಿಯ ಕೈಯಲ್ಲಿ ಕಾಗದ ಕೊಟ್ಟು ಕಳಿಸಿದರೆ ಗುತ್ತಿ ತಲುಪಿದಾಗಲೇ ಅದೂ ತಲುಪುವುದು. ದಾರಿಯಲ್ಲಿ ಯಾರಾದರೂ ಸಿಕ್ಕಿದರೆ ಮಾತು ಬೇಕು, ಎಲೆಯಡಿಕೆ ಬೇಕು. ಮನಸ್ಸಿಗೆ ಹಿಡಿದ ಹುಡುಗಿ ತಿಮ್ಮಿಯನ್ನು ಹೇಗಾದರೂ ಮಾಡಿ ಕರೆದುಕೊಂಡು ಹೋಗಬೇಕು ಅನ್ನುವ ಅವನದೇ ಕೆಲಸ ಬೇರೆ ಇದೆ. ಹೆಗ್ಗಡೆಯವರ ಅವಸರ ಅಲ್ಲಿ ನಡೆಯುವುದಿಲ್ಲ. ಗುತ್ತಿ ಜೀತದವನಾದರೂ ದಾರಿಯಲ್ಲಿ ಇರುವಷ್ಟು ಹೊತ್ತು ಅವನ ಮೇಲೆ ಯಾರ ಕಣ್ಣೂ ಇಲ್ಲ. ಒಡೆಯನ ಮನೆ ಬಿಟ್ಟು ಇನ್ನೊಬ್ಬ ಒಡೆಯನ ಅಂಗಳ ಮುಟ್ಟುವ ತನಕ ಅವನು ಸುಮ್ನೆ ಒಬ್ಬ ಮನುಷ್ಯ. ಪುಸ್ತಕದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಈ ನಡುವಿನ ಹೊತ್ತು.

ಇದನ್ನು ರಂಗದ ಮೇಲೋ ತೆರೆಯ ಮೇಲೋ ತರಲು ಹೊರಟವರನ್ನು ಕೇಳಬೇಕು ಅನ್ನಿಸುವುದೂ ಅದನ್ನೇ. ಕಥೆ ಎಷ್ಟು ಉಳಿಸಿಕೊಂಡಿರಿ, ಎಷ್ಟು ಬಿಟ್ಟಿರಿ ಅಂತಲ್ಲ. ಈ ನಡಿಗೆಯನ್ನು ಏನು ಮಾಡಿದಿರಿ?

ಕುವೆಂಪು ತೀರ್ಥಹಳ್ಳಿಯವರು, ಕುಪ್ಪಳಿಯವರು ಅಂತ ಎಲ್ಲರೂ ಹೇಳುತ್ತಾರೆ, ತಪ್ಪೇನಿಲ್ಲ. ಆದರೆ ಹುಟ್ಟಿದ್ದು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, 1904ರ ಡಿಸೆಂಬರ್ 29ರಂದು. ತಾಯಿಯ ತವರು ಅದು. ಚಿಕ್ಕಮಗಳೂರು ಜಿಲ್ಲೆಯವರಾದ ನಾವು ಈ ಒಂದು ಎಳೆ ಹಿಡಿದುಕೊಂಡು ಆಗಾಗ ಹೆಮ್ಮೆಪಡುತ್ತೇವೆ. ಇನ್ನೊಂದು ಎಳೆ ತುಂಗೆಯದು. ಗಂಗಾಮೂಲದಲ್ಲಿ ಹುಟ್ಟಿ ಶೃಂಗೇರಿ, ಹರಿಹರಪುರ ಮುಟ್ಟಿಕೊಂಡೇ ಅವಳು ತೀರ್ಥಹಳ್ಳಿ ಕಡೆಗೆ ಹೋಗುವುದು. ಕಾದಂಬರಿಯ ಜನ ದಾಟುವ ಹೊಳೆಯ ನೀರು ಒಂದು ದಿನ ಮೊದಲು ನಮ್ಮ ಕಡೆಯದಾಗಿರುತ್ತದೆ.

ಇದನ್ನು ಐತಿಹಾಸಿಕ ಕಾದಂಬರಿ ಅಂದರೆ ಕೆಲವರು ಹುಬ್ಬೇರಿಸುತ್ತಾರೆ. ಐತಿಹಾಸಿಕ ಅಂದರೆ ರಾಜ ಇರಬೇಕು, ಕೋಟೆ ಇರಬೇಕು, ಕೊನೆಗೆ ಒಂದು ಯುದ್ಧವಾದರೂ ಇರಬೇಕು ಅನ್ನುವುದು ನಮ್ಮ ಅಭ್ಯಾಸ. ಆದರೆ ಲೆಕ್ಕ ಹಾಕಿ ನೋಡಿ. ಪುಸ್ತಕ ಬಂದದ್ದು 1967ರಲ್ಲಿ. ಕಥೆ ನಡೆಯುವುದು 1893ರ ಆಸುಪಾಸಿನಲ್ಲಿ, ವಿವೇಕಾನಂದರು ಶಿಕಾಗೋದಲ್ಲಿ ಮಾತಾಡಿದ ಕಾಲ. ಅಂದರೆ ಲೇಖಕರು ಹುಟ್ಟುವುದಕ್ಕೂ ಹತ್ತು ವರ್ಷ ಮೊದಲಿನ ಮಲೆನಾಡು. ತಾನು ಕಣ್ಣಾರೆ ನೋಡದ ಕಾಲವನ್ನು, ನೋಡಿದವರ ನಡುವೆ ಬೆಳೆದವರೊಬ್ಬರು ಅರವತ್ತು ದಾಟಿದ ವಯಸ್ಸಿನಲ್ಲಿ ಕಟ್ಟಿ ನಿಲ್ಲಿಸಿದ್ದಾರೆ. ಇದು ಇತಿಹಾಸ ಅಲ್ಲದೆ ಇನ್ನೇನು? ಸಿಂಹಾಸನದ ಬದಲು ಜಗಲಿ ಇದೆ, ಅಷ್ಟೇ.

ಆ ಕಾಲದ ಸರ್ಕಾರದ ಕಥೆಯೂ ಸ್ವಲ್ಪ ಹೇಳಬೇಕು. 1830-31ರಲ್ಲಿ ನಗರ ಸೀಮೆಯ, ಅಂದರೆ ಹಳೆಯ ಬಿದನೂರಿನ ಕಡೆಯ ರೈತರು ತೆರಿಗೆಯ ಕಾಟ ತಾಳಲಾರದೆ ದಂಗೆ ಎದ್ದರು. ಬೂದಿ ಬಸವಪ್ಪ ಮುಂದೆ ನಿಂತ, ನಮ್ಮ ತರೀಕೆರೆಯ ಪಾಳೆಯಗಾರರೂ ಸೇರಿಕೊಂಡರು. ಅದೇ ನೆಪವಾಗಿ 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಬ್ರಿಟಿಷರಿಗೆ ಹೋಯಿತು. ಕಮಿಷನರುಗಳು ಐವತ್ತು ವರ್ಷ ಆಳಿದರು. 1881ರಲ್ಲಿ ರಾಜ್ಯ ವಾಪಸ್ ಒಡೆಯರಿಗೆ ಬಂತು. ಹಾಗಾಗಿ ಗುತ್ತಿ ನಡೆಯುತ್ತಿದ್ದ ಹೊತ್ತಿಗೆ ಮೈಸೂರಲ್ಲಿ ಚಾಮರಾಜೇಂದ್ರ ಒಡೆಯರು ಮಹಾರಾಜರು, ಶೇಷಾದ್ರಿ ಅಯ್ಯರ್ ದಿವಾನರು. ಬ್ರಿಟಿಷರು ಮೇಲೆಲ್ಲೋ ಇದ್ದಾರೆ. ಕಾಡಿನ ನಡುವಿನ ಮನೆಗಳಿಗೆ ಮಹಾರಾಜರೂ ದೂರ, ಮಹಾರಾಣಿ ವಿಕ್ಟೋರಿಯಾ ಇನ್ನೂ ದೂರ. ಹತ್ತಿರ ಇರುವವರು ಹೆಗ್ಗಡೆ, ಗೌಡ, ಸಾಲ ಕೊಟ್ಟ ಸಾಹುಕಾರ. ಬೆನ್ನ ಮೇಲೆ ಬೀಳುವ ಬಾರುಕೋಲು ಇವರದೇ.

ಇಂಥ ಕಡೆ ಪರದೇಶಿಯರ ಆಳ್ವಿಕೆ ಹೇಗೆ ಬಂತು ಅಂದರೆ, ಸೈಕಲ್ ಆಗಿ ಬಂತು. ಪಾದ್ರಿ ಜೀವರತ್ನಯ್ಯ ಸೈಕಲ್ ತುಳಿದುಕೊಂಡು ಕಾದಂಬರಿಯೊಳಗೆ ಬರುತ್ತಾರೆ. ಊರವರ ಬಾಯಲ್ಲಿ ಬೈಸಿಕಲ್ಲು ಬೀಸೇಕಲ್ಲು ಆಗುತ್ತದೆ. ನಾವು ನಗುತ್ತೇವೆ. ಆದರೆ ಇವತ್ತು ನಾವು ಸೈಕಲ್ ಅನ್ನುವ ರೂಪದ, ಎರಡೂ ಚಕ್ರ ಸಮ ಇರುವ ಗಾಡಿ ಇಂಗ್ಲೆಂಡಿನಲ್ಲೇ ಮಾರಾಟಕ್ಕೆ ಬಂದದ್ದು 1885ರಲ್ಲಿ. ಡನ್‌ಲಪ್‌ನ ಗಾಳಿ ತುಂಬುವ ಟೈರು ಬಂದದ್ದು 1888ರಲ್ಲಿ. ರೈಲು ಶಿವಮೊಗ್ಗ ಮುಟ್ಟಿದ್ದೇ 1899ರಲ್ಲಿ. ಅಂದರೆ ರೈಲು ಕಾಣದ, ಸರಿಯಾದ ರಸ್ತೆ ಕಾಣದ ಕಾಡಿಗೆ ಅವತ್ತಿನ ಜಗತ್ತಿನ ಹೊಚ್ಚ ಹೊಸ ಯಂತ್ರವೊಂದು ಬಂದು ನಿಂತಿದೆ. ಬೆಟ್ಟಳ್ಳಿಯ ದೇವಯ್ಯ ಅದಕ್ಕೆ ಮರುಳಾಗದೆ ಇರುತ್ತಾನಾ? ಅಪ್ಪನಿಗೆ ಮಗ ಕಿಲಸ್ತರ, ಅಂದರೆ ಕ್ರೈಸ್ತರ ಜಾತಿಗೆ ಸೇರಿಬಿಟ್ಟರೆ ಅನ್ನುವ ಭಯ. ಮಗನಿಗೆ ಯಾವ ದೇವರಾದರೂ ಸರಿ, ಒಮ್ಮೆ ಆ ಸೈಕಲ್ ಹತ್ತಬೇಕು ಅನ್ನುವ ಆಸೆ. ಮತಾಂತರದ ಬಗ್ಗೆ ಎಷ್ಟೋ ಗಂಭೀರ ಬರಹ ಓದಿದ್ದೇನೆ. ಇಷ್ಟು ಮನುಷ್ಯಸಹಜವಾಗಿ ಬರೆದದ್ದು ನೋಡಿಲ್ಲ.

ಮಲೆನಾಡಿನವರಿಗೆ ಇಲ್ಲಿ ಇನ್ನೊಂದು ತಮಾಷೆಯೂ ಕಾಣುತ್ತದೆ. ನಮ್ಮ ದಾರಿಗಳಲ್ಲಿ ಸೈಕಲ್ ಇದ್ದರೂ ಅರ್ಧ ದಾರಿ ತಳ್ಳಿಕೊಂಡೇ ಹೋಗಬೇಕು. ಏರು ಬಂದರೆ ಇಳಿ, ಸಂಕ ಬಂದರೆ ಹೆಗಲಿಗೆ ಏರಿಸಿಕೋ. ನಮ್ಮ ಅಪ್ಪಯ್ಯ ಹೈಸ್ಕೂಲಿಗೆ ಸೈಕಲ್‌ನಲ್ಲಿ ಹೋಗುತ್ತಿದ್ದರಂತೆ. ಹೋಗುವಾಗ ಸವಾರಿ, ಬರುವಾಗ ಚಾಕರಿ ಅಂತ ಈಗಲೂ ಹೇಳುತ್ತಾರೆ. ಮನೆ ಗುಡ್ಡದ ಮೇಲೆ ಇದ್ದರೆ ಇನ್ನೇನಾಗುತ್ತದೆ ಹೇಳಿ.

ಇದೇ ಹೊತ್ತಿಗೆ ನಮ್ಮ ಜಿಲ್ಲೆಯ ಇನ್ನೊಂದು ಮಗ್ಗುಲಲ್ಲಿ ಬೇರೆಯದೇ ಇತಿಹಾಸ ನಡೆಯುತ್ತಿತ್ತು. ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ ಅಡಿಕೆಯ ಕಡೆ. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಾಫಿಯ ಕಡೆ. ನಮ್ಮ ಜಿಲ್ಲೆಗೆ ಆಗ ಕಡೂರು ಜಿಲ್ಲೆ ಅಂತ ಹೆಸರು. ಬಾಬಾಬುಡನ್‌ಗಿರಿಯ ಸುತ್ತ, ಸಕಲೇಶಪುರದ ಕಡೆಯ ಮಂಜರಾಬಾದಿನ ಸುತ್ತ ಹತ್ತೊಂಬತ್ತನೇ ಶತಮಾನದ ನಡುವಿನ ಹೊತ್ತಿಗೇ ಬಿಳಿಯರ ತೋಟಗಳಿದ್ದವು, ಬಂಗಲೆಗಳಿದ್ದವು. ಮಂಜರಾಬಾದಿನಲ್ಲಿ ಕಾಫಿ ಬೆಳೆದ ರಾಬರ್ಟ್ ಎಲಿಯಟ್ ಎಂಬ ದೊರೆ 1894ರಲ್ಲಿ ತನ್ನ ಅನುಭವವನ್ನೆಲ್ಲ ಇಂಗ್ಲಿಷಿನಲ್ಲಿ ಪುಸ್ತಕ ಮಾಡಿದ. ಮೈಸೂರು ಸೀಮೆಯ ಚಿನ್ನ, ಬೇಟೆ, ಕಾಫಿ ತೋಟ, ಈ ಮೂರೂ ಅದರ ಹೆಸರಲ್ಲೇ ಇವೆ. ಕುವೆಂಪು ಕಥೆ ನಡೆಯುವ 1893, ದೊರೆಯ ಪುಸ್ತಕ ಬಂದ 1894. ಒಂದೇ ಘಟ್ಟ ಸಾಲು, ಒಂದೇ ಮಳೆ, ಒಂದೇ ಹುಲಿ. ಒಬ್ಬರ ಪುಸ್ತಕದಲ್ಲಿ ಕೂಲಿಯಾಳು ಲೆಕ್ಕದ ಬಾಬ್ತು, ಇನ್ನೊಬ್ಬರ ಪುಸ್ತಕದಲ್ಲಿ ಅವನಿಗೆ ಹೆಸರಿದೆ, ಹೆಂಡತಿಯಿದ್ದಾಳೆ, ಕನಸು ಬೀಳುತ್ತದೆ, ಅವನ ನಾಯಿಗೂ ಹೆಸರಿದೆ.

ಆದರೆ ಬ್ರಿಟಿಷರ ಕಾಲದ ಚಿಕ್ಕಮಗಳೂರು ಅಂದ ಕೂಡಲೇ ಈಗ ಎಲ್ಲರ ಕಣ್ಣ ಮುಂದೆ ಬರುವುದು ಆ ಬಂಗಲೆಯೇ. ಹೋಂಸ್ಟೇಗಳ ಬೋರ್ಡು ನೋಡಿ. ನೂರಿಪ್ಪತ್ತು ವರ್ಷದ ಬ್ರಿಟಿಷ್ ಬಂಗಲೆ, ಬೆಂಕಿಗೂಡು, ಗೋಡೆ ಮೇಲೆ ಕಡವೆ ಕೊಂಬು. ವಾರಾಂತ್ಯಕ್ಕೆ ಬಂದವರು ಆ ಕುರ್ಚಿಯಲ್ಲಿ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ನನಗೆ ಅವರ ಮೇಲೆ ಸಿಟ್ಟಿಲ್ಲ. ಆ ಬಂಗಲೆಗೆ ಮರ ಹೊತ್ತವರ ಕಥೆ ಬೋರ್ಡಿನಲ್ಲಿ ಹಿಡಿಸುವುದಿಲ್ಲ. ಕಾದಂಬರಿಯಲ್ಲಿ ಹಿಡಿಸುತ್ತದೆ.

ಮೊದಲು ಸಿನಿಮಾದ ಮಾತು. ಗಿರೀಶ ಕಾರ್ನಾಡರು ತೆರೆಗೆ ತಂದದ್ದು ‘ಮದುಮಗಳು’ ಅಲ್ಲ, ಕುವೆಂಪು ಅವರ ಮೊದಲ ಕಾದಂಬರಿ ‘ಕಾನೂರು ಹೆಗ್ಗಡಿತಿ’. ಕಾದಂಬರಿ ಬಂದದ್ದು 1936ರಲ್ಲಿ, ಸಿನಿಮಾ 1999ರಲ್ಲಿ. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರ ಪ್ರಶಸ್ತಿಯೂ ಬಂತು. ಚಂದ್ರಯ್ಯಗೌಡರಾಗಿ ಕಾರ್ನಾಡರೇ ನಿಂತರು. ಅವರ ಮೂರನೇ ಹೆಂಡತಿ ಸುಬ್ಬಮ್ಮನಾಗಿ ತಾರಾ. ಸಂಗೀತ ಬಿ.ವಿ. ಕಾರಂತರದು. ಇಷ್ಟು ದೊಡ್ಡವರು ಸೇರಿಯೂ ಪುಸ್ತಕ ಓದಿದವರು ಸಿನಿಮಾ ನೋಡಿ ಗೊಣಗಿದ್ದೇ ಜಾಸ್ತಿ. ಅದು ಬಿಟ್ಟಿದ್ದಾರೆ, ಇದು ಬಿಟ್ಟಿದ್ದಾರೆ, ಹೂವಯ್ಯನ ಒಳಗಿನ ತಳಮಳ ಎಲ್ಲಿ, ಸೀತೆ ಎಲ್ಲಿ. ಅಷ್ಟು ದಪ್ಪದ ಪುಸ್ತಕವನ್ನು ಒಂದು ಸಿನಿಮಾ ಮಾಡಿದರೆ ಬಿಡದೆ ಇನ್ನೇನು ಮಾಡುತ್ತಾರೆ?

ನನಗೆ ಆ ಸಿನಿಮಾ ಹಿಡಿಸಿದ್ದು ಬೇರೆ ಕಾರಣಕ್ಕೆ. ಕಾನೂರು ಮನೆಯ ಕಥೆ. ದೊಡ್ಡ ಮನೆ, ಅದರೊಳಗೆ ಒಬ್ಬ ಯಜಮಾನ, ಅವನ ಮಾತು ಮೀರಲಾಗದೆ ಒಳಗೊಳಗೇ ಕುದಿಯುವ ಜನ, ಕೊನೆಗೆ ಪಾಲು. ಸುಬ್ಬಮ್ಮನಿಗೆ ಆ ಹೆಬ್ಬಾಗಿಲು ದಾಟಿ ಹೋಗಲು ಜಾಗವೇ ಇಲ್ಲ. ಹಾಗಾಗಿ ಕ್ಯಾಮೆರಾ ಮನೆಯೊಳಗೆ ಸುತ್ತಿದಷ್ಟೂ ಕಥೆಗೆ ಒಳ್ಳೆಯದೇ. ತಾರಾ ಅವರ ನಡಿಗೆಯನ್ನೇ ಗಮನಿಸಿ. ಅಡುಗೆಮನೆಗೂ ಜಗಲಿಗೂ ನಡುವೆ ಇರುವ ಹತ್ತಿಪ್ಪತ್ತು ಹೆಜ್ಜೆಯಲ್ಲಿ ಆ ಹೆಂಗಸಿನ ಅಧಿಕಾರವೂ ಅಸಹಾಯಕತೆಯೂ ಎರಡೂ ಇವೆ. ಮೂರನೇ ಹೆಂಡತಿಯಾಗಿ ಬಂದವಳು ಹೆಗ್ಗಡಿತಿ ಆಗುವುದು ಅಂದರೆ ಆ ಹೆಜ್ಜೆಗಳನ್ನು ಗಟ್ಟಿಯಾಗಿ ಇಡಲು ಕಲಿಯುವುದು.

ಅದೇ ಕ್ಯಾಮೆರಾವನ್ನು ‘ಮದುಮಗಳು’ ಕಡೆ ತಿರುಗಿಸಿದರೆ ಕಷ್ಟಕ್ಕೆ ಬರುತ್ತದೆ. ಅಲ್ಲಿ ಮನೆಗಿಂತ ದಾರಿಯೇ ದೊಡ್ಡದು. ಸಿನಿಮಾದಲ್ಲಿ ಗುತ್ತಿ ಒಂದು ಮರದ ಹತ್ತಿರ ಹೊರಟರೆ ಮುಂದಿನ ಶಾಟ್‌ನಲ್ಲಿ ಬೆಟ್ಟಳ್ಳಿ ಬಂದಿರುತ್ತದೆ. ನಡುವೆ ಒಂದು ಡ್ರೋನ್ ಶಾಟ್, ಹಸಿರೋ ಹಸಿರು, ಕೊಳಲು. ಆ ಹಸಿರು ಮೇಲಿಂದ ನೋಡುವವರ ಹಸಿರು. ಕೆಳಗೆ ನಡೆಯುವವನಿಗೆ ಮುಂದಿನ ತಿರುವು ಬಿಟ್ಟು ಬೇರೇನೂ ಕಾಣುವುದಿಲ್ಲ.

ಈಗ ನಾಟಕ. ಮೈಸೂರಿನ ರಂಗಾಯಣ 2010ರಲ್ಲಿ ಇದನ್ನು ಮೊದಲು ಆಡಿತು. ರಂಗಾಯಣ ಕಟ್ಟಿದವರು ಕಾರಂತರೇ ಅನ್ನುವುದು ನೆನಪಿರಲಿ. ರಂಗರೂಪ ಕೆ.ವೈ. ನಾರಾಯಣಸ್ವಾಮಿಯವರದು, ನಿರ್ದೇಶನ ಸಿ. ಬಸವಲಿಂಗಯ್ಯನವರದು, ಸಂಗೀತ ಹಂಸಲೇಖ. ರಾತ್ರಿ ಶುರುವಾಗಿ ಬೆಳಗಾಗುವ ತನಕ, ಒಂಬತ್ತು ಗಂಟೆ. 2013ರಲ್ಲಿ ಬೆಂಗಳೂರಿನ ಕಲಾಗ್ರಾಮದಲ್ಲಿ ಶುರುವಾಯಿತು, ಆಮೇಲೆ ಮತ್ತೆ ಮತ್ತೆ ಆಯಿತು. ಚಿಕ್ಕಮಗಳೂರು ಪೇಟೆಗೆ ರೈಲು ಬಂದದ್ದೂ ಅದೇ 2013ರಲ್ಲಿ ಅಂತ ಹೇಳಿದರೆ ಹೊರಗಿನವರು ನಂಬುವುದಿಲ್ಲ. ನಿಜ ಮಾರಾಯ್ರೆ. ನಾವು ನಾಟಕಕ್ಕೆ ಹೋದದ್ದು ಮಾತ್ರ ಬಸ್ಸಲ್ಲೇ, ಕೊಪ್ಪದಿಂದ ಚಿಕ್ಕಯ್ಯನನ್ನೂ ಹೊರಡಿಸಿಕೊಂಡು.

ಆ ನಾಟಕಕ್ಕೆ ಒಂದು ರಂಗ ಅಲ್ಲ, ನಾಲ್ಕು. ಬಯಲಿನಲ್ಲಿ ಬೇರೆ ಬೇರೆ ಕಡೆ ಕಟ್ಟಿದ್ದರು. ಒಂದು ಕಡೆ ಎರಡು ಗಂಟೆ ಆಡಿ ನಿಲ್ಲಿಸುತ್ತಾರೆ. ಆಮೇಲೆ ನಾವು ಎದ್ದು ಮುಂದಿನ ರಂಗಕ್ಕೆ ನಡೆಯಬೇಕು. ನಿರ್ದೇಶಕರು ಇದನ್ನು ಏನೆಂದುಕೊಂಡು ಮಾಡಿದರೋ, ನನಗೆ ಅಲ್ಲಿ ಕೂತಾಗಲೇ, ಅಲ್ಲ, ಎದ್ದಾಗಲೇ ಅನ್ನಿಸಿತು, ಇದೇ ಸರಿಯಾದ ಉತ್ತರ ಅಂತ. ನಡಿಗೆಯನ್ನು ರಂಗದ ಮೇಲೆ ತೋರಿಸಲು ಆಗುವುದಿಲ್ಲ. ನೋಡುವವರನ್ನೇ ನಡೆಸಿಬಿಡು.

ಆ ನಡಿಗೆ ಏನೂ ಚಂದದ್ದಲ್ಲ. ಮೊದಲ ಸಲ ಎದ್ದಾಗ ಎಲ್ಲರಿಗೂ ಮುಂದಿನ ಸಾಲು ಹಿಡಿಯುವ ಅವಸರ. ಬೆಂಗಳೂರಿನವರು ಓಡಿದರು. ಒಬ್ಬರು ಚಾಪೆ ಹರಡಿ ಅದರ ಮೇಲೆ ಚಪ್ಪಲಿ, ನೀರಿನ ಬಾಟಲಿ, ಬ್ಯಾಗು ಇಟ್ಟು ಆರು ಜನರ ಜಾಗ ಕಾದರು. ನಮ್ಮ ಮುಂದೆ ಒಬ್ಬ ಅಪ್ಪ ನಿದ್ದೆಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡು ನಡೆಯುತ್ತಿದ್ದ. ಮಗುವಿನ ಒಂದು ಕಾಲಿನ ಶೂ ಎಲ್ಲೋ ಬಿದ್ದಿತ್ತು, ಅದನ್ನು ಹುಡುಕಲು ಅವನ ಹೆಂಡತಿ ಮೊಬೈಲ್ ಬೆಳಕು ಹಿಡಿದು ಹಿಂದಕ್ಕೆ ಹೋದಳು. ಟೀ ಹತ್ತಿರ ಉದ್ದ ಸಾಲು. ಚಿಕ್ಕಯ್ಯ ತಲೆಗೆ ಮಫ್ಲರ್ ಸುತ್ತಿಕೊಂಡು, ಶಾಲಿನ ಮೇಲೆ ಇನ್ನೊಂದು ಶಾಲು ಹೊದ್ದು, ಯಾರಿಗೂ ದಾರಿ ಬಿಡದೆ ತಮ್ಮ ಪಾಡಿಗೆ ನಿಧಾನ ಹೆಜ್ಜೆ ಹಾಕುತ್ತಿದ್ದರು. ಎರಡನೇ ಸಲ ಎದ್ದಾಗ ಓಟ ಕಮ್ಮಿಯಾಯಿತು. ಮೂರನೇ ಸಲಕ್ಕೆ ಯಾರೂ ಓಡಲಿಲ್ಲ. ಮಧ್ಯರಾತ್ರಿ ಕಳೆದು ಎಷ್ಟೋ ಹೊತ್ತಾಗಿತ್ತು. ಎಲ್ಲರ ಹೆಜ್ಜೆಯೂ ಚಿಕ್ಕಯ್ಯನ ಹೆಜ್ಜೆಗೆ ಇಳಿದಿತ್ತು. ಗುರುತು ಇಲ್ಲದವರು ಪಕ್ಕದಲ್ಲಿ ನಡೆಯುತ್ತಾ, ಅವಳು ಸಿಗುತ್ತಾಳಾ ಅವನಿಗೆ, ಆ ಹೆಗ್ಗಡೆ ಏನು ಮಾಡ್ತಾನೆ ಈಗ, ಅಂತ ಮಾತಾಡಿಕೊಳ್ಳುತ್ತಿದ್ದರು. ಕಾದಂಬರಿಯ ಮೇಗರವಳ್ಳಿಯಲ್ಲಿ ಅಂತಕ್ಕನ ಮನೆ ಜಗಲಿಯಲ್ಲಿ ದಾರಿಹೋಕರು ಆಡುವ ಮಾತೂ ಇಂಥದ್ದೇ ಅಲ್ವಾ.

ಕಥೆ ಹೇಳುವವರಾಗಿ ಜೋಗಿಗಳನ್ನು, ಹೆಳವರನ್ನು ತಂದದ್ದು ನಾರಾಯಣಸ್ವಾಮಿಯವರ ಜಾಣತನ. ಕಾದಂಬರಿಯಲ್ಲಿ ಇರುವ ಕುವೆಂಪು ದನಿಯನ್ನು, ನಿಧಾನವಾಗಿ ಎಲ್ಲವನ್ನೂ ಕಾಣುವ ಆ ದನಿಯನ್ನು, ನಾಟಕದಲ್ಲಿ ಯಾರ ಬಾಯಿಗೆ ಹಾಕುತ್ತೀರಿ? ಹೆಳವರು ಮನೆಮನೆಗೆ ಬಂದು ವಂಶಾವಳಿ ಹೇಳುವವರು. ನಿಮ್ಮ ಮುತ್ತಜ್ಜನ ಅಪ್ಪ ಯಾರು, ಎಲ್ಲಿಂದ ಬಂದ, ಯಾರನ್ನು ಮದುವೆಯಾದ ಅಂತ ಅವರ ಬಾಯಲ್ಲಿದೆ. ಇತಿಹಾಸ ಇಟ್ಟುಕೊಂಡು ಊರೂರು ನಡೆಯುವುದೇ ಅವರ ಕಸುಬು. ಈ ಕಾದಂಬರಿಗೆ ಅವರಿಗಿಂತ ಹತ್ತಿರದ ನಿರೂಪಕರು ಸಿಗುತ್ತಿರಲಿಲ್ಲ.

ಹಾಡುಗಳ ವಿಷಯದಲ್ಲಿ ನನಗೆ ಅಷ್ಟು ಸಮಾಧಾನ ಇಲ್ಲ. ಜಾಸ್ತಿಯಾಯಿತು. ರಾತ್ರಿ ಹತ್ತು ಗಂಟೆಗೆ ಒಂದು ಹಾಡು ಮುಗಿದು ಮಾತು ಶುರುವಾಗುವಷ್ಟರಲ್ಲಿ ಇನ್ನೊಂದು ಬಂದಾಗ, ಸ್ವಲ್ಪ ಸುಮ್ಮನಿರಬಾರದೇ, 1893ರ ಕಾಡಿನ ಸದ್ದು ಹೇಗಿತ್ತು ಅಂತ ಕೇಳಲು ಬಿಡಬಾರದೇ ಅನ್ನಿಸಿತು. ಬೆಳಗಿನ ಜಾವ ಮೂರು ಗಂಟೆಗೆ ಮಾತ್ರ ಅದೇ ಹಾಡುಗಳು ನನ್ನನ್ನು ಎಬ್ಬಿಸಿ ಕೂರಿಸಿದವು. ಹಗಲಿನಲ್ಲಿ ಮಾಡುವ ವಿಮರ್ಶೆಯೇ ಬೇರೆ.

ಚಿಕ್ಕಯ್ಯನದು ಬೇರೆ ತಕರಾರು. ವಾಪಸ್ ಬರುವ ಬಸ್ಸಿನಲ್ಲಿ ಅರ್ಧ ದಾರಿ ನಿದ್ದೆ ಮಾಡಿ ಎದ್ದವರೇ ಹೇಳಿದರು, “ಎಲ್ಲ ಸರಿ ಮಾರಾಯ್ತಿ, ರಾತ್ರಿಯಿಡೀ ಕಾಡಲ್ಲಿ ಓಡಾಡಿದರು, ಒಬ್ಬರ ಕಾಲಿಗಾದರೂ ಒಂದು ಇಂಬಳ ಹತ್ತಿತಾ?”

ಬಸ್ಸಿನಲ್ಲಿ ನಕ್ಕೆ. ಆದರೆ ಮಾತು ಸುಳ್ಳಲ್ಲ. ಮಳೆಗಾಲದಲ್ಲಿ ನಮ್ಮ ತೋಟದಿಂದ ಮೇಲಿನ ಮನೆಗೆ ಹೋಗಬೇಕು ಅಂದರೆ ಮೊದಲು ಹೊಗೆಸೊಪ್ಪು ಸುಣ್ಣ ಕಾಲಿಗೆ ಹಚ್ಚಬೇಕು. ಕಾಲುಸಂಕ ಅಂದರೆ ಎರಡು ಅಡಿಕೆ ಮರ, ಮೇಲೆ ಪಾಚಿ, ಹಿಡಿದುಕೊಳ್ಳಲು ಒಂದು ಬಿದಿರು, ಅದೂ ಅಲ್ಲಾಡುತ್ತದೆ. ಕೆಳಗೆ ಕೆಂಪು ನೀರು. ದಾಟುವಾಗ ಹೆಬ್ಬೆರಳಿನಿಂದ ಪಾಚಿ ಇಲ್ಲದ ಜಾಗ ತಡವಿ ತಡವಿ ಕಾಲಿಡಬೇಕು. ಆಚೆ ಬದಿ ಮುಟ್ಟಿ ಸೀರೆಯೋ ಪಂಚೆಯೋ ಕೊಡವಿದರೆ ಆಗಲೇ ಮೀನಖಂಡದ ಹತ್ತಿರ ಒಂದು ಇಂಬಳ ರಕ್ತ ಕುಡಿದು ಉರುಟಾಗಿರುತ್ತದೆ. ಕಿತ್ತರೆ ನವೆ, ಬಿಟ್ಟರೆ ರಕ್ತ. ಇದು ಐದು ನಿಮಿಷದ ದಾರಿ. ಕುವೆಂಪು ಅವರಿಗೆ ಇದು ಗೊತ್ತು, ಪುಟಗಟ್ಟಲೆ ಗೊತ್ತು. ಅವರ ಕಾಡು ಚಂದ ಅಷ್ಟೇ ಅಲ್ಲ, ಕಚ್ಚುತ್ತದೆ ಕೂಡ. ರಂಗದ ಮೇಲೆ ಕಾಡು ಕಚ್ಚುವುದಿಲ್ಲ. ಬೆಂಗಳೂರಿನ ಸೊಳ್ಳೆ ಕಚ್ಚುತ್ತದೆ, ಅದು ಬೇರೆ.

ಅಂಥ ಕಾಡಿಗೆ ಹೂವಳ್ಳಿಯ ಹುಡುಗಿ ಚಿನ್ನಮ್ಮ ರಾತ್ರಿ ಹೊತ್ತು ಇಳಿಯುತ್ತಾಳೆ ಅನ್ನುವುದನ್ನು ಈಗ ಯೋಚಿಸಿ. ಅವಳ ಮನಸ್ಸು ಕೋಣೂರಿನ ಮುಕುಂದಯ್ಯನ ಮೇಲೆ. ಅಪ್ಪ ಒಪ್ಪಿಕೊಂಡದ್ದು ಸಿಂಬಾವಿಯ ಭರಮೈ ಹೆಗ್ಗಡೆಗೆ. ದಿಬ್ಬಣ ಬಂದಿದೆ. ಆ ಕಾಲದಲ್ಲಿ ಒಬ್ಬ ಹುಡುಗಿ ಇದಕ್ಕೆ ಬೇಡ ಅನ್ನಲು ಯಾವ ಕೋರ್ಟಿತ್ತು, ಯಾವ ಪೊಲೀಸು? ಬಾಯಿಬಿಟ್ಟು ಹೇಳಿದರೆ ಕೇಳುವವರು ಯಾರು? ಅವಳು ಹೇಳುವುದಿಲ್ಲ, ನಡೆಯುತ್ತಾಳೆ. ಜೊತೆಗೆ ಪೀಂಚಲು, ಐತನ ಹೆಂಡತಿ, ಕೂಲಿ ಮಾಡುವ ಹೆಣ್ಣು. ಗೌಡರ ಮನೆಯ ಮದುಮಗಳಿಗೆ ಕಾಡಿನ ದಾರಿ ಗೊತ್ತಿಲ್ಲ. ದಿನಾ ನಡೆಯುವ ಪೀಂಚಲುಗೆ ಗೊತ್ತು. ಹುಲಿಕಲ್ಲು ನೆತ್ತಿಯ ಕಡೆ ಹೋಗುವ ಆ ರಾತ್ರಿ ಯಾರು ಯಜಮಾನಿ, ಯಾರು ಆಳು ಅನ್ನುವುದು ತಿರುವುಮುರುವು ಆಗುತ್ತದೆ. ಅದಕ್ಕಾಗಿ ಒಂದು ಭಾಷಣ ಇಲ್ಲ. ಒಬ್ಬಳು ಮುಂದೆ, ಒಬ್ಬಳು ಹಿಂದೆ, ಅಷ್ಟೇ.

ಸುಬ್ಬಮ್ಮನಿಗೆ ಒಬ್ಬಳು ಪೀಂಚಲು ಇದ್ದಿದ್ದರೆ ಅಂತ ಯೋಚನೆ ಬರುತ್ತದೆ. 1936ರ ಪುಸ್ತಕದ ಹೆಂಗಸು ಮನೆಯೊಳಗೇ ಉಳಿದಳು. 1967ರ ಪುಸ್ತಕದ ಹುಡುಗಿ ಹೊರಗೆ ಕಾಲಿಟ್ಟಳು, ಅದೂ ಇನ್ನೂ ಹಿಂದಿನ ಕಾಲದಲ್ಲಿ. ಮೂವತ್ತು ವರ್ಷದಲ್ಲಿ ಕುವೆಂಪು ಹೆಣ್ಣಿನ ಬಗ್ಗೆ ಏನೇನು ಯೋಚಿಸಿದರೋ, ಅದು ಇಲ್ಲಿ ಕಾಣುತ್ತದೆ ಅಂತ ನನ್ನ ಊಹೆ. ನಾಟಕದಲ್ಲಿ ಈ ಭಾಗ ಬಂದಾಗ ನನ್ನ ಪಕ್ಕದಲ್ಲಿ ಕೂತಿದ್ದ, ಅಷ್ಟು ಹೊತ್ತು ತೂಕಡಿಸುತ್ತಿದ್ದ ಹೆಂಗಸೊಬ್ಬರು ಕಾಲು ಮಡಚಿ ನೆಟ್ಟಗೆ ಕೂತರು. ಮುಗಿಯುವ ತನಕ ಅಲುಗಲಿಲ್ಲ.

ಯಾವ ರೂಪದಲ್ಲೂ ಉಳಿಯದೆ ಹೋಗುವುದು ಒಂದಿದೆ, ನಾಯಿ. ಪುಸ್ತಕದಲ್ಲಿ ನಾವು ಹುಲಿಯನ ಮನಸ್ಸಿನೊಳಗೆ ಹೋಗುತ್ತೇವೆ. ಅದಕ್ಕೆ ಯಾವ ವಾಸನೆ ಇಷ್ಟ, ಯಾಕೆ ಸಿಟ್ಟು, ಒಡೆಯ ಕಾಣದಿದ್ದರೆ ಏನಾಗುತ್ತದೆ, ಎಲ್ಲ ಗೊತ್ತಾಗುತ್ತದೆ. ಕೊನೆಗೆ ತುಂಗೆಯ ನೆರೆಯಲ್ಲಿ ಅದು ಕೊಚ್ಚಿಹೋದಾಗ ಮನುಷ್ಯ ಪಾತ್ರವೊಂದು ಸತ್ತಷ್ಟೇ ಹೊಟ್ಟೆ ಉರಿಯುತ್ತದೆ. ಇದನ್ನು ನಟ ಮಾಡಲಿ, ನಿಜವಾದ ನಾಯಿಯೇ ಮಾಡಲಿ, ಹೊರಗಿನಿಂದ ನೋಡುವುದು ಬೇರೆ, ಒಳಗೆ ಇರುವುದು ಬೇರೆ. ಇಷ್ಟಕ್ಕಾದರೂ ಪುಸ್ತಕವೇ ಬೇಕು.

ಈಗ ಎಲ್ಲವೂ ವೆಬ್ ಸರಣಿ ಆಗುವ ಕಾಲ. ಇದನ್ನೂ ಯಾರಾದರೂ ಕೈಗೆತ್ತಿಕೊಳ್ಳಬಹುದು. ಎತ್ತಿಕೊಂಡರೆ ಏನು ಮಾಡುತ್ತಾರೆ ಅಂತ ಊಹಿಸುವುದು ಕಷ್ಟವಲ್ಲ. ಮೊದಲ ಕಂತಿನಲ್ಲೇ ಕುದುರೆ ಮೇಲೆ ಒಬ್ಬ ಕೆಂಪು ಮೂತಿಯ ದೊರೆ ಬರುತ್ತಾನೆ, ಯಾಕಂದರೆ ಬ್ರಿಟಿಷರ ಕಾಲ ಅಂತ ತೋರಿಸಬೇಕಲ್ಲ. ಅವನು ಯಾರಿಗಾದರೂ ಚಾಟಿಯಲ್ಲಿ ಹೊಡೆಯುತ್ತಾನೆ. ಆಗ ನಮ್ಮ ಹೆಗ್ಗಡೆಗಳು, ಸಾಹುಕಾರರು ಎಲ್ಲ ಒಳ್ಳೆಯವರಾಗಿ ಬಿಡುತ್ತಾರೆ. ಕಾದಂಬರಿಯ ಬೆನ್ನುಮೂಳೆ ಅಲ್ಲಿಗೆ ಮುರಿಯಿತು. ಗುತ್ತಿಯನ್ನು ಜೀತಕ್ಕೆ ಇಟ್ಟುಕೊಂಡವರು ನಾವೇ, ಲಂಡನ್ನಿನವರಲ್ಲ ಅನ್ನುವುದು ಆ ಪುಸ್ತಕದ ಪುಟಪುಟದಲ್ಲೂ ಇದೆ.

ಹಾಗೆ ಮಾಡುವವರಿಗೆ ನನ್ನದು ಒಂದೆರಡು ಬೇಡಿಕೆ. ಜನವರಿಯಲ್ಲಿ ಬಂದು, ಒಣಗಿದ ದಾರಿಯಲ್ಲಿ ಟ್ಯಾಂಕರ್ ನೀರಿನಿಂದ ಮಳೆ ಸುರಿಸಿ ಮುಗಿಸಬೇಡಿ. ಜುಲೈನಲ್ಲಿ ಬನ್ನಿ, ಕ್ಯಾಮೆರಾ ಒದ್ದೆಯಾಗಲಿ. ಗುತ್ತಿ ನಡೆಯುವುದನ್ನು ಕತ್ತರಿಸದೆ ಹತ್ತು ನಿಮಿಷ ತೋರಿಸಿ, ನೋಡುವವರು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಮತ್ತೆ ಮಾತು. ಆ ಪುಸ್ತಕದಲ್ಲಿ ಗೌಡರ ಕನ್ನಡ ಬೇರೆ, ಗುತ್ತಿ ತಿಮ್ಮಿಯರ ಕನ್ನಡ ಬೇರೆ, ಸಾಬರದು ಬೇರೆ, ಘಟ್ಟದ ಕೆಳಗಿನಿಂದ ಬಂದವರದು ಇನ್ನೂ ಬೇರೆ. ಎಲ್ಲರ ಬಾಯಿಗೂ ಟೀವಿ ಧಾರಾವಾಹಿಯ ಒಂದೇ ಕನ್ನಡ ಹಾಕಿಬಿಟ್ಟರೆ ಯಾರು ಯಾರಿಗೆ ಯಾಕೆ ಹೆದರುತ್ತಾರೆ ಅನ್ನುವುದೇ ಗೊತ್ತಾಗುವುದಿಲ್ಲ. ಮುಖ್ಯವಾಗಿ ಪೀಂಚಲು ಆಡುವ ಮಾತನ್ನು ಡಬ್ಬಿಂಗ್ ಕೋಣೆಯಲ್ಲಿ ಕೂತು ಯಾರೂ ತಿದ್ದಬೇಡಿ. ಅರ್ಥವಾಗದಿದ್ದರೆ ಕೆಳಗೆ ಬರೆದು ಹಾಕಿ.